ಬೆನ್ನುಡಿ ಓದಿ ಮಾತಾಡುವವರು

ಎಲ್ಲರಿಗೂ ನಮಸ್ಕಾರ. ಹೊಸ ಕಾದಂಬರಿಗಳ ವಿಮರ್ಶೆ ಬಗ್ಗೆ ಮಾತಾಡಿ ಅಂದಿದ್ದಾರೆ. ಮೊದಲು ನನ್ನದೇ ಒಂದು ತಪ್ಪು ಒಪ್ಪಿಕೊಂಡುಬಿಡುತ್ತೇನೆ.

ಕೆಲವು ವರ್ಷದ ಹಿಂದೆ ಒಂದು ಕಾದಂಬರಿಯ ಬಿಡುಗಡೆಗೆ ಕರೆದಿದ್ದರು. ಪುಸ್ತಕ ಕೈಗೆ ಬಂದದ್ದು ಹಿಂದಿನ ದಿನ ಸಂಜೆ. ಮುನ್ನುಡಿ ಓದಿದೆ, ಬೆನ್ನುಡಿ ಓದಿದೆ, ಒಳಗೆ ಒಂದು 30 ಪುಟ ಓದುವಷ್ಟರಲ್ಲಿ ನಿದ್ದೆ ಬಂತು. ಮರುದಿನ ವೇದಿಕೆ ಹತ್ತಿ 40 ನಿಮಿಷ ಮಾತಾಡಿದೆ. ಜಾಗತೀಕರಣ, ಖಾಲಿಯಾಗುತ್ತಿರುವ ಹಳ್ಳಿ, ಸ್ತ್ರೀ ಸಂವೇದನೆ, ಏನೂ ಬಿಡಲಿಲ್ಲ. ಚಪ್ಪಾಳೆಯೂ ಬಿತ್ತು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆದ ಮೇಲೆ ಉಪ್ಪಿಟ್ಟಿನ ಸಾಲಿನಲ್ಲಿ ಲೇಖಕರು ಪಕ್ಕಕ್ಕೆ ಬಂದರು. "ಸಾರ್, ಆ ಬಾವಿ ಪ್ರಸಂಗ ಹೇಗನ್ನಿಸಿತು?" ಅಂದರು. ಯಾವ ಬಾವಿ? "ಅದ್ಭುತ" ಅಂದೆ. ಅವರ ಮುಖ ಸಣ್ಣದಾಯಿತು. "ಹೌದಾ ಸಾರ್? ನನಗೆ ಅದು ಸ್ವಲ್ಪ ಜಾಸ್ತಿ ಆಯ್ತೇನೋ ಅಂತ ಅನುಮಾನ ಇತ್ತು. ನೀವೊಬ್ಬರಾದರೂ ಹೇಳ್ತೀರಿ ಅಂದ್ಕೊಂಡಿದ್ದೆ." ಉಪ್ಪಿಟ್ಟು ಗಂಟಲಲ್ಲೇ ನಿಂತಿತು. ಮನೆಗೆ ಹೋಗಿ ಬಾವಿ ಹುಡುಕಿದೆ. 11 ಪುಟ ಇತ್ತು. ನಾಲ್ಕು ಸಾಕಿತ್ತು.

ಅವತ್ತಿನಿಂದ ನನ್ನದು ಒಂದೇ ತಗಾದೆ. ನಾವು ಕಾದಂಬರಿಯ ವಿಷಯ ಓದುತ್ತೇವೆ, ಪುಟ ಓದುವುದಿಲ್ಲ. 2007ರಲ್ಲಿ ಭೈರಪ್ಪನವರ 'ಆವರಣ' ಬಂದಾಗ ಎಷ್ಟು ಜಗಳ ಆಯಿತು, ನೆನಪಿದೆಯಲ್ಲ? ಎರಡೂ ಕಡೆಯವರು ಇತಿಹಾಸ, ರಾಜಕೀಯ ಅಂತ ಕಿತ್ತಾಡಿದರು. ಅದರೊಳಗೆ ನಾಯಕಿಯೇ ಬರೆಯುವ ಇನ್ನೊಂದು ಕಾದಂಬರಿ ಇದೆ. ಅದರ ಗದ್ಯ ಹೊರಗಿನ ಗದ್ಯಕ್ಕಿಂತ ಬೇರೆ ಥರ ಕೇಳಿಸುತ್ತದೆಯಾ? ಕೇಳಿಸಬೇಕಿತ್ತಾ? ಇದನ್ನು ಕೇಳಿದವರು ನನಗಂತೂ ಜಾಸ್ತಿ ಸಿಗಲಿಲ್ಲ.

ವಿವೇಕ ಶಾನಭಾಗರ 'ಘಾಚರ್ ಘೋಚರ್' ತಗೊಳ್ಳಿ. ಕನ್ನಡದಲ್ಲಿ 2013ರಲ್ಲೇ ಬಂದಿತ್ತು. ಶ್ರೀನಾಥ್ ಪೆರೂರ್ ಇಂಗ್ಲಿಷಿಗೆ ತಂದು, ಹೊರಗಿನವರು ಹೊಗಳಿದ ಮೇಲೆ ನಮ್ಮಲ್ಲಿ ಎಷ್ಟೋ ಜನ ಕಪಾಟಿನ ಬಾಗಿಲು ತೆಗೆದರು. ಇರಲಿ. ಅದರ ಬಗ್ಗೆ ಎಲ್ಲರೂ ಹೇಳುವುದು ಒಂದೇ ಮಾತು: ದುಡ್ಡು ಬಂತು, ಮನೆ ಕೆಟ್ಟಿತು. ಅಷ್ಟೇ ಆಗಿದ್ದರೆ ನಮ್ಮಜ್ಜಿ ಒಂದು ಗಾದೆಯಲ್ಲಿ ಮುಗಿಸುತ್ತಿದ್ದಳು. ಅಲ್ಲಿನ ಇರುವೆಗಳನ್ನು ನೋಡಿ. ಹಳೇ ಪುಟ್ಟ ಮನೆಯಲ್ಲಿ ಇರುವೆ ಕಾಟ. ಮನೆಯವರು ಕೊಲ್ಲುತ್ತಾರೆ. ಕೊಲ್ಲುತ್ತಾ ಕೊಲ್ಲುತ್ತಾ ಅದರಲ್ಲೇ ಒಂದು ಖುಷಿ ಹುಟ್ಟುತ್ತದೆ. ಈಗ ಹೊಸ ಮನೆಯ ಬಾಗಿಲಿಗೆ ಬನ್ನಿ. ಕಥೆ ಹೇಳುವವನ ಚಿಕ್ಕಪ್ಪನನ್ನು ಹುಡುಕಿಕೊಂಡು ಒಬ್ಬ ಹೆಂಗಸು ಬರುತ್ತಾಳೆ, ಅವನಿಗೋಸ್ಕರ ಬೇಳೆ ಸಾರು ಮಾಡಿ ತಂದಿದ್ದಾಳೆ. ಮನೆಯ ಹೆಂಗಸರು ಬಾಯಿಗೆ ಬಂದಂತೆ ಬೈದು ಅಟ್ಟುತ್ತಾರೆ. ಈ ಎರಡನ್ನೂ ಪಕ್ಕಪಕ್ಕ ಇಡಿ. ಇರುವೆ ಕೊಲ್ಲುವಾಗ ಇವರ ಹತ್ತಿರ ದುಡ್ಡಿರಲಿಲ್ಲ! ಕ್ರೌರ್ಯ ದುಡ್ಡಿನ ಜೊತೆ ಬಂದದ್ದಲ್ಲ. ಮೊದಲೇ ಇತ್ತು, ಆಮೇಲೆ ಅದಕ್ಕೆ ದೊಡ್ಡ ಬೇಟೆ ಸಿಕ್ಕಿತು. ಬೆನ್ನುಡಿಯಲ್ಲಿ ಇದು ಸಿಗಲ್ಲ, ಅಲ್ವಾ? ಇಷ್ಟೆಲ್ಲ ನಮಗೆ ಹೇಳುವವನಿಗೆ ಹೆಸರೂ ಇಲ್ಲ, ಕೆಲಸವೂ ಇಲ್ಲ. ಕಾಫಿ ಹೌಸಿನಲ್ಲಿ ಸುಮ್ನೆ ಕೂತಿರುತ್ತಾನೆ. ಕೊನೆ ಏನಾಗುತ್ತದೆ ಅಂತ ಹೇಳಲ್ಲ, ಓದದವರು ಇಲ್ಲೂ ಇರಬಹುದು.

ಪುಟ ಓದುವುದು ಹೊಗಳುವುದಕ್ಕೇ ಅಂತೇನಿಲ್ಲ. ವಸುಧೇಂದ್ರರ 'ತೇಜೋ-ತುಂಗಭದ್ರಾ' 2019ರಲ್ಲಿ ಬಂತು. ನನಗೆ ಇಷ್ಟವಾದ ಪುಸ್ತಕ. ಲಿಸ್ಬನ್ನಿನ ನದಿ ಅತ್ತ, ವಿಜಯನಗರದ ನದಿ ಇತ್ತ, ನಡುವೆ ಗೋವಾ. ಕಥೆ ಓಡುತ್ತದೆ. ಆದರೆ ಅಲ್ಲಲ್ಲಿ ಪಾತ್ರದ ಹಿಂದೆ ಲೇಖಕರ ಟಿಪ್ಪಣಿ ಪುಸ್ತಕ ಇಣುಕುತ್ತದೆ ಅನ್ನಿಸಿತು. ಕಷ್ಟಪಟ್ಟು ಹುಡುಕಿದ್ದನ್ನು ಬಿಡಲು ಯಾರಿಗೂ ಮನಸ್ಸಾಗಲ್ಲ. ನಾನೂ ಬಿಡುತ್ತಿರಲಿಲ್ಲ. ಅದಕ್ಕೇ ಇನ್ನೊಬ್ಬರು ಹೇಳಬೇಕು.

ಚೀಟಿ ಬಂತು, ಎರಡೇ ನಿಮಿಷ ಅಂತೆ. ಪ್ರಶಸ್ತಿ, ಅನುವಾದ, ಆಡುಮಾತು ಅಂತ ಮೂರು ಬರೆದುಕೊಂಡಿದ್ದೆ. ಪ್ರಶಸ್ತಿ ಬಿಡಿ, ಜಗಳ ಆಗುತ್ತದೆ. ಅನುವಾದ ಮಧ್ಯಾಹ್ನದ ಗೋಷ್ಠಿಯವರು ನೋಡಿಕೊಳ್ಳುತ್ತಾರೆ. ಉಳಿದದ್ದು ಆಡುಮಾತು. ಆಡುಮಾತಿನಲ್ಲೇ ಬರೆದ ದೇವನೂರ ಮಹಾದೇವರ 'ಕುಸುಮಬಾಲೆ' ಅರ್ಥ ಆಗಲ್ಲ ಅನ್ನುವವರು ಇವತ್ತಿಗೂ ಇದ್ದಾರೆ. ಒಂದು ಪುಟ ಜೋರಾಗಿ ಓದಿ ನೋಡಿ, ಕಣ್ಣಿಗೆ ಹತ್ತದ್ದು ಕಿವಿಗೆ ಹತ್ತುತ್ತದೆ. ಇಲ್ಲೂ ಅದೇ, ಪುಟ.

ಅಂದ ಹಾಗೆ, ಆ ಬಾವಿ ಕಾದಂಬರಿ ಮೊನ್ನೆ ಎರಡನೇ ಮುದ್ರಣ ಆಗಿದೆ. ಬಾವಿ ಇನ್ನೂ 11 ಪುಟವೇ ಇದೆ. ಬೆನ್ನುಡಿಯಲ್ಲಿ ನನ್ನ ಹೆಸರು, ಪಕ್ಕದಲ್ಲಿ 'ಅದ್ಭುತ'.