ಕೂಸಿನ ಹಾಸಿಗೆ: ಮೊದಲು ಮೂಸಿ ನೋಡಿ

ನಮಸ್ಕಾರ. ಮಗಳ ಬಾಣಂತನಕ್ಕೆ ತಯಾರಿ ನಡೆಸಿರುವ ಅಮ್ಮಂದಿರು, ಅಜ್ಜಿಯರು ಕೇಳುತ್ತಿದ್ದೀರಿ ಅಂದುಕೊಂಡೇ ಮಾತಾಡುತ್ತೇನೆ. ಕೂಸಿಗೆ ಏನು ಹಾಸಬೇಕು, ಏನು ಹೊದಿಸಬೇಕು ಅಂತ ತೀರ್ಮಾನಿಸುವವರು ನೀವೇ ಅಲ್ವಾ? ನಾನು ಮಕ್ಕಳ ಡಾಕ್ಟರು. ಹೇಳುವುದು ಒಂದೇ ಮಾತು. ಬಟ್ಟೆಯಿರಲಿ, ಹಾಸಿಗೆಯಿರಲಿ, ತೊಟ್ಟಿಲಿರಲಿ, ಕೂಸಿನ ಹತ್ತಿರ ತರುವ ಮೊದಲು ಮೂಸಿ ನೋಡಿ. ಘಾಟು ಬಂದರೆ ಬೇಡ.

ಅಂಗಡಿಯಲ್ಲಿ ‘ಆರ್ಗಾನಿಕ್’ ಅಂತ ಬರೆದದ್ದನ್ನು ತೋರಿಸಿ ಸಾವಿರಾರು ರೂಪಾಯಿ ಹೇಳುತ್ತಾರೆ. ಸುಮ್ನೆ ದುಡ್ಡು ಸುರಿಯಬೇಡಿ. ನೂರು ಸಲ ಒಗೆದು ಮೆತ್ತಗಾದ ಅಜ್ಜನ ಹತ್ತಿ ಪಂಚೆ ಸಾಕು. ಹೊಸ ಬಟ್ಟೆ ಸುಕ್ಕಾಗದಿರಲಿ ಅಂತ ಕಾರ್ಖಾನೆಯಲ್ಲಿ ಫಾರ್ಮಾಲ್ಡಿಹೈಡ್ ಅನ್ನುವ, ಚರ್ಮ ಕೆರಳಿಸುವ ಘಾಟು ವಸ್ತು ಇರುವ ರಸಾಯನ ಹಾಕುವುದುಂಟು. ಹೊಸದನ್ನು ಒಗೆಯದೆ ಹೊದಿಸಬೇಡಿ.

ಹಳೆಯ ಬಟ್ಟೆಯನ್ನೂ ಮೂಸಲೇಬೇಕು. ಯಾಕೆ ಅಂತ ಹೇಳುತ್ತೇನೆ.

ಒಂದು ಸಲ ಎಂಟು ದಿನದ ಗಂಡುಕೂಸನ್ನು ನನ್ನ ಹತ್ತಿರ ಕರೆತಂದರು. ಮೈಯೆಲ್ಲ ಹಳದಿ. ಹುಟ್ಟಿದ ಎರಡು ಮೂರು ದಿನಕ್ಕೆ ಕಾಮಾಲೆ ಕಾಣಿಸಿಕೊಂಡು ತಾನೇ ಇಳಿಯುವುದು ಎಷ್ಟೋ ಮಕ್ಕಳಲ್ಲಿ ಇದ್ದದ್ದೇ. ಈ ಕೂಸಿಗೆ ಏರುತ್ತಲೇ ಇತ್ತು. ರಕ್ತವೂ ಕಡಿಮೆಯಾಗುತ್ತಿತ್ತು. ತಾಯಿಯ ರಕ್ತದ ಗುಂಪು ನೋಡಿದೆವು, ಸೋಂಕು ಇದೆಯಾ ಅಂತ ನೋಡಿದೆವು. ಕಾರಣ ಸಿಗಲಿಲ್ಲ. ಕಾಮಾಲೆ ಇಳಿಸುವ ನೀಲಿ ದೀಪದ ಕೆಳಗೆ ಮಲಗಿಸಲು ಕೂಸನ್ನು ಎತ್ತಿಕೊಂಡೆ ನೋಡಿ, ಸುತ್ತಿದ್ದ ಕೌದಿಯಿಂದ ನುಸಿಗುಳಿಗೆಯ ಘಾಟು ಮೂಗಿಗೆ ಬಡಿಯಿತು.

“ಅಮ್ಮಾ, ಈ ಕೌದಿ ಎಲ್ಲಿತ್ತು?” ಅಂತ ಅಜ್ಜಿಯನ್ನು ಕೇಳಿದೆ. “ಟ್ರಂಕಿನಲ್ಲಿತ್ತು ಡಾಕ್ಟ್ರೇ. ನಮ್ಮತ್ತೆ ಹೊಲಿದದ್ದು. ನನ್ನ ಮಗಳೂ ಇದರಲ್ಲೇ ಮಲಗಿದ್ದು. ಒಂದು ಹುಳ ಮುಟ್ಟದ ಹಾಗೆ ಇಷ್ಟು ವರ್ಷ ಕಾಪಾಡಿದ್ದೀನಿ” ಅಂದರು. ಆ ಮುಖದಲ್ಲಿ ಎಷ್ಟು ಹೆಮ್ಮೆ ಇತ್ತು! ಟ್ರಂಕು ತೆಗೆದವರೇ ಕೌದಿ ಕೊಡವಿ ಕೂಸಿಗೆ ಸುತ್ತಿದ್ದರು. ಅದೂ ಎಣ್ಣೆ ಹಚ್ಚಿದ ಮೈಗೆ.

ನುಸಿಗುಳಿಗೆ ಅಂದರೆ ನ್ಯಾಫ್ತಲೀನ್. ಡಾಂಬರು ಗುಳಿಗೆ ಅಂತಲೂ ಅನ್ನುತ್ತಾರೆ. ಅದರ ಆವಿ ಉಸಿರಿನಲ್ಲೂ ಒಳಗೆ ಹೋಗುತ್ತದೆ, ಚರ್ಮದಿಂದಲೂ ಹೋಗುತ್ತದೆ. ಮೈಗೆ ಎಣ್ಣೆ ಇದ್ದರೆ ಇನ್ನೂ ಜಾಸ್ತಿ. ಕೆಲವು ಮಕ್ಕಳ ರಕ್ತಕಣದಲ್ಲಿ ಜಿ ಸಿಕ್ಸ್ ಪಿಡಿ ಅನ್ನುವ ಒಂದು ಕಿಣ್ವ ಹುಟ್ಟಿನಿಂದಲೇ ಕಡಿಮೆ ಇರುತ್ತದೆ. ಗಂಡುಮಕ್ಕಳಲ್ಲೇ ಇದು ಜಾಸ್ತಿ. ಅಂಥ ಕೂಸಿಗೆ ಈ ಆವಿ ತಾಗಿದರೆ ರಕ್ತಕಣ ಒಡೆಯುತ್ತವೆ. ಕಾಮಾಲೆ ಏರುತ್ತದೆ. ತುಂಬಾ ಏರಿದರೆ ಮಿದುಳಿಗೇ ಪೆಟ್ಟು. ಈ ಕೂಸಿಗೂ ಪರೀಕ್ಷೆ ಮಾಡಿಸಿದೆವು, ಅದೇ ಕೊರತೆ.

ಅಜ್ಜಿ ತುಂಬಾ ಅತ್ತರು. ಅವರದೇನೂ ತಪ್ಪಿಲ್ಲ, ಯಾರೂ ಅವರಿಗೆ ಹೇಳಿಯೇ ಇರಲಿಲ್ಲ. ಕೂಸು ಚೆನ್ನಾಗಾಗಿ ಮನೆಗೆ ಹೋಯಿತು. ಅವತ್ತಿನಿಂದ ಬಾಣಂತಿಯ ವಾರ್ಡಿಗೆ ಹೋದಾಗಲೆಲ್ಲ ನಾನು ಹೊದಿಕೆ ಮೂಸಿ ನೋಡುತ್ತೇನೆ.

ನಿಮ್ಮ ಟ್ರಂಕನ್ನು ಹೆರಿಗೆಗೆ ತಿಂಗಳು ಮುಂಚೆಯೇ ತೆಗೆಯಿರಿ. ಬಟ್ಟೆಯನ್ನೆಲ್ಲ ಒಗೆದು, ದಿನಗಟ್ಟಲೆ ಬಿಸಿಲಿಗೆ ಹರವಿ, ಮತ್ತೆ ಮೂಸಿ. ಆಮೇಲೂ ಘಾಟು ಇದ್ದರೆ ಕೂಸಿಗೆ ಬೇಡವೇ ಬೇಡ. ನುಸಿ ಬರುತ್ತದೆ ಅನ್ನುವವರು ಒಣಗಿಸಿದ ಬೇವಿನ ಸೊಪ್ಪು ಇಡಿ.

ತೊಟ್ಟಿಲ ವಿಷಯಕ್ಕೆ ಹೊತ್ತು ಕಡಿಮೆ ಉಳಿಯಿತು. ಮರದ್ದಾದರೆ ಒಳ್ಳೆಯದು. ಕಲಘಟಗಿ ತೊಟ್ಟಿಲು ನೋಡಿದ್ದೀರಾ? ಸಾಗುವಾನಿ ಮರ, ಅರಗಿನ ಬಣ್ಣ. ತಲೆಮಾರು ಕಳೆದರೂ ಹೊಳಪು ಹೋಗುವುದಿಲ್ಲ. ಆದರೆ ಪೇಂಟ್ ಬಳಿದ ಹಳೇ ತೊಟ್ಟಿಲು ಚಕ್ಕೆ ಏಳುತ್ತಿದ್ದರೆ ಬಿಟ್ಟುಬಿಡಿ. ಪೇಂಟಿನಲ್ಲಿ ಸೀಸ ಅನ್ನುವ ವಿಷಲೋಹ 10 ಲಕ್ಷದಲ್ಲಿ 90 ಪಾಲು ಮೀರಬಾರದು ಅನ್ನುವ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದೇ 2017ರಲ್ಲಿ. ಹಲ್ಲು ಬರುವಾಗ ಕೂಸು ಕಚ್ಚುವುದು ಆ ಕಟಕಟೆಯನ್ನೇ. ಕಂಬಿಗಳ ನಡುವೆ ಮೂರು ಬೆರಳಿಗಿಂತ ಜಾಸ್ತಿ ಸಂದು ಬೇಡ. ಪ್ಲೈವುಡ್ಡಿನ ಅಂಟಿನಲ್ಲೂ ಫಾರ್ಮಾಲ್ಡಿಹೈಡ್ ಇರುತ್ತದೆ. ಅದರ ಮಂಚ ತರುವುದಾದರೆ ಬಸುರಿನ ಏಳನೇ ತಿಂಗಳಿಗೇ ತಂದು ಗಾಳಿಗೆ ಬಿಡಿ, ಕೂಸನ್ನು ಅದರಲ್ಲಿ ಮಲಗಿಸುವ ದಿನ ಮೂಸಿ ನೋಡಿ.

ಹಾಸಿಗೆ ಗಟ್ಟಿಯಾಗಿರಲಿ, ಸಮತಟ್ಟಾಗಿರಲಿ. ಕೂಸನ್ನು ಅಂಗಾತ ಮಲಗಿಸಿ. ತಲೆ ದುಂಡಗಾಗಲಿ ಅಂತ ರಾಗಿ ದಿಂಬು, ಸಾಸಿವೆ ದಿಂಬು ಇಡುತ್ತೀರಲ್ಲ, ವರ್ಷ ತುಂಬುವವರೆಗೆ ಯಾವ ದಿಂಬೂ ಬೇಡ. ನಮಸ್ಕಾರ.