ಬಳೆ ಏರದ ಕೈ

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಫಿಸಿಯೋಥೆರಪಿಸ್ಟ್. ಸೊಂಟ ನೋವು, ಮಂಡಿ ನೋವು, ಲಕ್ವ ಹೊಡೆದವರ ಕೈಕಾಲು, ಇವೇ ನನ್ನ ದಿನದ ಕೆಲಸ. ಇವತ್ತು ಅದನ್ನೆಲ್ಲ ಬಿಟ್ಟು ಲಿಂಫಿಡೀಮಾ ಅನ್ನೋ ಒಂದು ಊತದ ಬಗ್ಗೆ ಮಾತಾಡುತ್ತೇನೆ. ಅದನ್ನು ಇಳಿಸೋದಕ್ಕೆ ಕಲಿತ ಕೈ ಬೇಕು. ಅಂಥ ಕೈಗಳು ನಮ್ಮ ಕಡೆ ತುಂಬಾ ಕಡಿಮೆ.

ಕೆಲವು ವರ್ಷಗಳ ಹಿಂದೆ ಶಿಡ್ಲಘಟ್ಟದ ಕಡೆಯ ಹಳ್ಳಿಯಿಂದ ಒಬ್ಬ ತಾಯಿ ಬಂದರು. ರೇಷ್ಮೆ ಹುಳು ಸಾಕುವ ಮನೆ. ಸ್ತನ ಕ್ಯಾನ್ಸರ್‌ಗೆ ಆಪರೇಷನ್ ಆಗಿ ಒಂದೂವರೆ ವರ್ಷವಾಗಿತ್ತು. ಕೂತವರೇ ಎರಡೂ ಕೈ ಮುಂದೆ ಚಾಚಿದರು. ಎಡಗೈ ತುಂಬ ಹಸಿರು ಗಾಜಿನ ಬಳೆ. ಬಲಗೈ ಬೋಳು. "ಬಳೆ ಏರ್ತಾನೇ ಇಲ್ಲ ಮೇಡಂ. ರವಿಕೆ ತೋಳು ಎರಡು ಸಲ ಬಿಚ್ಚಿ ಹೊಲಿಸಿದೀನಿ" ಅಂದರು. ನಾನು ಹೆಬ್ಬೆರಳಿನಿಂದ ಮುಂಗೈ ಒತ್ತಿದೆ. ಗುಳಿ ಬಿತ್ತು. ಬೆರಳು ತೆಗೆದ ಮೇಲೂ ಗುಳಿ ಹಾಗೇ ಉಳಿಯಿತು.

ಅವತ್ತು ನಾನು ತಪ್ಪು ಮಾಡಿದೆ. ಕತ್ತು ಹಿಡಿದುಕೊಂಡವರಿಗೆ ತಿಕ್ಕುವ ಹಾಗೆ ಜೋರಾಗಿ ತಿಕ್ಕಿದೆ. ಮೆಡಿಕಲ್ ಶಾಪಿನ ಕ್ರೇಪ್ ಬ್ಯಾಂಡೇಜನ್ನು ಮಣಿಕಟ್ಟಿನಿಂದ ತೋಳಿನವರೆಗೆ ಬಿಗಿಯಾಗಿ ಸುತ್ತಿ ಕಳಿಸಿದೆ. ಎರಡು ದಿನ ಬಿಟ್ಟು ಬಂದರು. ಬೆರಳುಗಳು ಉಬ್ಬಿ, ಮುಷ್ಟಿ ಮುಚ್ಚೋಕೂ ಆಗುತ್ತಿರಲಿಲ್ಲ. ನಾಲ್ಕು ವರ್ಷ ಓದಿ, ಆರು ತಿಂಗಳು ಇಂಟರ್ನ್‌ಶಿಪ್ ಮುಗಿಸಿದವಳು ನಾನು. ಲಿಂಫಿಡೀಮಾ ಅಂದರೆ ಏನು ಅಂತ ಪರೀಕ್ಷೆಯಲ್ಲಿ ಬರೆದಿದ್ದೆ. ಒಂದು ಕೈಗೂ ಚಿಕಿತ್ಸೆ ಮಾಡಿ ನೋಡಿರಲಿಲ್ಲ.

ಈ ಊತ ಯಾಕೆ ಬರುತ್ತೆ? ನಮ್ಮ ಕಡೆಯವರಿಗೆ ಇದನ್ನು ಹೇಳೋದು ಸುಲಭ. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಕೆರೆಗಳು ಒಂದಕ್ಕೊಂದು ಹೊಂದಿಕೊಂಡಿವೆ. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ ಹೋಗುತ್ತೆ. ಕಾಲುವೆ ಮುಚ್ಚಿದರೆ ಮೇಲಿನ ಹೊಲಗಳು ಜವುಗಾಗುತ್ತವೆ. ಮೈಯಲ್ಲೂ ಹೀಗೆಯೇ. ರಕ್ತನಾಳದಿಂದ ಒಸರಿ ಹೊರಗೆ ಉಳಿದ ನೀರನ್ನು, ದಿನಕ್ಕೆ ಎರಡು ಮೂರು ಲೀಟರಿನಷ್ಟನ್ನು, ಲಿಂಫ್ ನಾಳಗಳು ಎಳೆದುಕೊಂಡು ಕತ್ತಿನ ಬುಡದಲ್ಲಿ ವಾಪಸ್ ರಕ್ತಕ್ಕೆ ಸೇರಿಸುತ್ತವೆ. ದಾರಿಯಲ್ಲಿ ಸಣ್ಣ ಸಣ್ಣ ಗಂಟುಗಳಿವೆ. ಕ್ಯಾನ್ಸರ್ ಆಪರೇಷನ್ನಿನಲ್ಲಿ ಕಂಕುಳಿನ ಗಂಟು ತೆಗೆದಾಗ, ಅಲ್ಲಿಗೆ ರೇಡಿಯೇಷನ್ ಕೊಟ್ಟಾಗ, ಆ ಕಾಲುವೆ ಕೆಡುತ್ತೆ. ಎಲ್ಲರಿಗೂ ಊತ ಬರಲ್ಲ. ಬಂದರೆ ಕೆಲವರಿಗೆ ತಿಂಗಳಲ್ಲಿ ಬರುತ್ತೆ, ಕೆಲವರಿಗೆ ವರ್ಷಗಳ ಮೇಲೆ. ಆನೆಕಾಲಿನಲ್ಲೂ ಕೆಡೋದು ಇದೇ ನಾಳ. ಅಲ್ಲಿ ಸೊಳ್ಳೆ ತಂದ ಹುಳ ಕೆಡಿಸುತ್ತೆ, ಅಷ್ಟೇ ವ್ಯತ್ಯಾಸ.

ಆ ತಾಯಿಯ ಬೆರಳು ನೋಡಿದ ಮೇಲೆ ನನಗೆ ಸುಮ್ನೆ ಇರೋಕೆ ಆಗಲಿಲ್ಲ. ರಜೆ ಹಾಕಿ ತರಬೇತಿಗೆ ಹೋದೆ.

ಅಲ್ಲಿ ಮೊದಲು ಕಲಿಸಿದ್ದು ಒತ್ತದೇ ಇರೋದನ್ನು. ಲಿಂಫ್ ನಾಳಗಳು ಚರ್ಮದ ಕೆಳಗೇ ಇರುತ್ತವೆ, ತುಂಬಾ ನಾಜೂಕು. ಚರ್ಮವನ್ನು ಮೆಲ್ಲಗೆ ಎಳೆದು ಬಿಡಬೇಕು, ಮಾಂಸ ಮುಟ್ಟಬಾರದು. ಈ ವಿಧಾನವನ್ನು 1930ರ ದಶಕದಲ್ಲಿ ಡೆನ್ಮಾರ್ಕಿನ ಎಮಿಲ್ ವೋಡರ್ ಮತ್ತು ಅವರ ಹೆಂಡತಿ ಎಸ್ಟ್ರಿಡ್ ರೂಪಿಸಿದರು. ಆಮೇಲೆ ಜರ್ಮನಿಯ ಫೋಲ್ಡಿ ದಂಪತಿ ಇದಕ್ಕೆ ಕಟ್ಟು, ವ್ಯಾಯಾಮ, ಚರ್ಮದ ಆರೈಕೆ ಸೇರಿಸಿ ಪೂರ್ತಿ ಚಿಕಿತ್ಸೆಯಾಗಿ ಬೆಳೆಸಿದರು. ಊದಿರೋದು ಕೈಯಾದರೂ ಶುರು ಮಾಡೋದು ಕತ್ತಿನಿಂದ. ಆಮೇಲೆ ಚೆನ್ನಾಗಿರುವ ಇನ್ನೊಂದು ಕಂಕುಳು, ಎದೆ, ಬೆನ್ನು, ಭುಜ. ಬೆರಳು ಕೊನೆಗೆ. ನಮ್ಮ ಊರಿನ ನೀರಗಂಟಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನೀರು ಹೋಗುವ ಕಡೆ ದಾರಿ ಬಿಡಿಸದೆ ಮೇಲಿಂದ ತೂಬು ಎತ್ತುತ್ತಾನಾ?

ನಂತರ ಕಟ್ಟು. ಕ್ರೇಪ್ ಬ್ಯಾಂಡೇಜ್ ರಬ್ಬರಿನಂತೆ ಹಿಗ್ಗುತ್ತೆ, ಇದಕ್ಕೆ ಆಗಲ್ಲ. ಕಮ್ಮಿ ಹಿಗ್ಗುವ ಬೇರೆ ಪಟ್ಟಿ ಬೇಕು. ಒಂದೊಂದು ಬೆರಳಿಗೂ ತೆಳು ಗಾಜ್ ಬಟ್ಟೆ ಸುತ್ತಿ, ಕೈಗೆ ಹತ್ತಿಯ ಮೆತ್ತೆ ಹಾಕಿ, ಅದರ ಮೇಲೆ ಪದರ ಪದರವಾಗಿ ಪಟ್ಟಿ. ಬಿಗಿ ಅಂಗೈ ಹತ್ತಿರ ಜಾಸ್ತಿ, ಮೇಲೆ ಹೋದಂತೆ ಕಮ್ಮಿ. ಒಬ್ಬರಿಗೊಬ್ಬರು ಕಟ್ಟಿಕೊಂಡು ಇಡೀ ರಾತ್ರಿ ಹಾಗೇ ಇರಬೇಕು ಅಂದರು ಮೇಷ್ಟ್ರು. ನನ್ನ ಜೊತೆಗಾತಿ ಕಟ್ಟಿದ್ದು ಬಿಗಿಯಾಗಿತ್ತು. ರಾತ್ರಿ ಮುದ್ದೆ ಮುರಿಯೋಕೆ ಬೆರಳು ಮಡಚಲಿಲ್ಲ. ನಡುರಾತ್ರಿ ಎದ್ದು ಬೆರಳ ತುದಿ ಬೆಳ್ಳಗಾಗಿದೆಯಾ ಅಂತ ಲೈಟ್ ಹಾಕಿ ನೋಡಿಕೊಂಡೆ. ಆ ರಾತ್ರಿ ಕಲಿತದ್ದನ್ನು ಯಾವ ಪುಸ್ತಕವೂ ಕಲಿಸಲ್ಲ.

ಯಾವಾಗ ಮುಟ್ಟಬಾರದು ಅನ್ನೋದೂ ಪಾಠವೇ. ಕೈ ಕೆಂಪಾಗಿ, ಬಿಸಿಯಾಗಿ, ಚಳಿ ಜ್ವರ ಬಂದಿದ್ದರೆ ಅದು ಸೋಂಕು. ಅಂಥವರನ್ನು ಮೊದಲು ಡಾಕ್ಟರ ಹತ್ತಿರ ಕಳಿಸಬೇಕು. ರಕ್ತನಾಳದಲ್ಲಿ ಹೆಪ್ಪು ಇದ್ದರೂ, ಹೃದಯ ಸೋತಿದ್ದರೂ ಹಾಗೆಯೇ.

ಇಷ್ಟನ್ನೆಲ್ಲ ಒಂದು ಭಾನುವಾರದ ಶಿಬಿರದಲ್ಲಿ ಕಲಿಸೋಕಾಗಲ್ಲ. ಅಮೆರಿಕದಲ್ಲಿ ಲಿಂಫಿಡೀಮಾ ಥೆರಪಿಸ್ಟ್ ಪರೀಕ್ಷೆಗೆ ಕೂರಬೇಕಾದರೆ 135 ಗಂಟೆ ತರಬೇತಿ ಆಗಿರಬೇಕು. ಅದರಲ್ಲಿ ಒಂದು ಪಾಲು ಪಾಠ, ಎರಡು ಪಾಲು ಕೈಕೆಲಸ. ನಮ್ಮ ಪಕ್ಕದ ಕಾಸರಗೋಡಿನ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿಯಲ್ಲಿ ಆನೆಕಾಲು ಆದವರಿಗೆ ಆಯುರ್ವೇದ, ಯೋಗ, ಕಟ್ಟು ಮೂರನ್ನೂ ಸೇರಿಸಿ ಚಿಕಿತ್ಸೆ ಕೊಡುತ್ತಾರೆ, ಮನೆಯಲ್ಲಿ ಮಾಡಿಕೊಳ್ಳೋದನ್ನೂ ಕಲಿಸುತ್ತಾರೆ. ಅಂದರೆ ನಮ್ಮ ನೆಲದಲ್ಲಿ ಇದು ಆಗದ ಕೆಲಸ ಏನಲ್ಲ.

ಬೆಂಗಳೂರು 60 ಕಿಲೋಮೀಟರ್ ಆಸುಪಾಸು, ಅಲ್ಲಿಗೇ ಹೋಗಬಹುದಲ್ವಾ ಅಂತ ಕೆಲವರು ಕೇಳುತ್ತಾರೆ. ಆಪರೇಷನ್ನಿಗೆ ಒಂದು ಸಲ ಹೋಗಬಹುದು. ಈ ಚಿಕಿತ್ಸೆ ಶುರುವಿನ ಎರಡು ಮೂರು ವಾರ ಹೆಚ್ಚುಕಮ್ಮಿ ದಿನಾ ಆಗಬೇಕು. ರೇಷ್ಮೆ ಹುಳು ನಾಲ್ಕನೇ ಜ್ವರ, ಅಂದರೆ ನಾಲ್ಕನೇ ಸಲ ಪೊರೆ ಬಿಡೋದು, ದಾಟಿತು ಅಂದರೆ ಸೊಪ್ಪು ಹಾಕೋದಕ್ಕೆ ಮನೆಮಂದಿಯೆಲ್ಲ ಬೇಕು. ಆಗ ದಿನಾ ಬಸ್ ಹತ್ತಿ ಬೆಂಗಳೂರಿಗೆ ಯಾರು ಹೋಗ್ತಾರೆ? ಅದಕ್ಕೇ ಒಂದೊಂದು ತಾಲ್ಲೂಕು ಆಸ್ಪತ್ರೆಯಲ್ಲಿ ಒಬ್ಬರಾದರೂ ಇದನ್ನು ಕಲಿತಿರಬೇಕು ಅಂತ ನಾನು ಕೇಳುವುದು. ಸಂಬಂಧಪಟ್ಟ ಅಧಿಕಾರಿಗಳು ಕೇಳುತ್ತಿದ್ದರೆ, ನಿಮ್ಮ ಫಿಸಿಯೋಥೆರಪಿಸ್ಟನ್ನು ತರಬೇತಿಗೆ ಕಳಿಸಿ. ಆ ದಿನಗಳ ಸಂಬಳ ಹಿಡಿಯಬೇಡಿ. ಕಾಲೇಜಿನಲ್ಲಿ ಓದುತ್ತಿರುವ ಮಕ್ಕಳೇ, ಇಂಟರ್ನ್‌ಶಿಪ್‌ನಲ್ಲಿ ಇಂಥ ಒಂದು ಕೈ ಸಿಕ್ಕರೆ ಬಿಡಬೇಡಿ. ಟೇಪ್ ಹಿಡಿದು ಎರಡೂ ಕೈ ಅಳೆಯಿರಿ, ಬರೆದಿಡಿ.

ತರಬೇತಿ ಮುಗಿಸಿ ಬಂದವಳೇ ಆ ತಾಯಿಗೆ ಫೋನ್ ಮಾಡಿ ಕರೆಸಿದೆ. ಈ ಸಲ ಹಗುರವಾಗಿ ಕೈಯಾಡಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದವರು, "ಹಣ್ಣಾದ ಹುಳ ಎತ್ತಿ ಚಂದ್ರಿಕೆಗೆ ಬಿಟ್ಟಂಗೈತೆ ಮೇಡಂ" ಅಂದರು. ಚಂದ್ರಿಕೆ ಅಂದರೆ ಹಣ್ಣಾದ ರೇಷ್ಮೆ ಹುಳು ಗೂಡು ಕಟ್ಟುವ ತಟ್ಟೆ. ಈಗ ನಾನು ಯಾರಿಗೆ ಕಲಿಸಿದರೂ ಆ ಮಾತನ್ನೇ ಹೇಳುತ್ತೇನೆ. ಕಟ್ಟು ಹಾಕೋದನ್ನು ಅವರ ಯಜಮಾನರು ನಾಲ್ಕೇ ದಿನದಲ್ಲಿ ಕಲಿತರು. ಬಿಂದಿಗೆ ಎತ್ತಲೇಬೇಡ ಅಂತ ಯಾರೋ ಹೆದರಿಸಿದ್ದರಂತೆ. ಆ ಹೆದರಿಕೆಯನ್ನೂ ಬಿಡಿಸಬೇಕಾಯಿತು. ಕ್ರಮವಾಗಿ, ಸ್ವಲ್ಪ ಸ್ವಲ್ಪವಾಗಿ ಭಾರ ಎತ್ತಿದರೆ ಊತ ಹೆಚ್ಚಲ್ಲ ಅಂತ 2009ರಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿದೆ.

ಊತ ಪೂರ್ತಿ ಹೋಗಿಲ್ಲ. ಇದು ಬಿಟ್ಟು ಹೋಗುವ ಕಾಯಿಲೆಯೂ ಅಲ್ಲ. ಹಗಲು ಕೈಯನ್ನು ಒತ್ತಿ ಹಿಡಿಯುವ ತೋಳುಚೀಲ ಹಾಕಿಕೊಳ್ಳುತ್ತಾರೆ, ಸ್ನಾನ ಆದ ಮೇಲೆ ಒರೆಸಿ ಕೊಬ್ಬರಿ ಎಣ್ಣೆ ಸವರುತ್ತಾರೆ. ಮೊನ್ನೆ ಮಗಳ ಸೀಮಂತಕ್ಕೆ ಬಲಗೈಗೂ ಬಳೆ ತೊಟ್ಟಿದ್ದರಂತೆ. ಎಡಗೈಗೆ ಎರಡು ನಾಲ್ಕು ಅಳತೆ, ಬಲಗೈಗೆ ಎರಡು ಎಂಟು. ಗಾಜಿನದು ಬೇಡ, ಒಡೆದರೆ ಗಾಯ ಆಗುತ್ತೆ ಅಂದಿದ್ದೆ. ನೆನಪಿಟ್ಟುಕೊಂಡು ಲೋಹದ್ದೇ ತಂದಿದ್ದರು.

ಆಪರೇಷನ್ ಆದವರು ನಿಮ್ಮ ಮನೆಯಲ್ಲಿದ್ದರೆ, ಒಂದೇ ಕಡೆ ಬಳೆ, ಉಂಗುರ, ರವಿಕೆ ತೋಳು ಬಿಗಿಯಾಗುತ್ತಿದೆಯಾ ನೋಡಿ. ಆಗಿದ್ದರೆ ಅದೇ ವಾರ ತೋರಿಸಿ. ಕೆಂಪಾಗಿ ಚಳಿ ಜ್ವರ ಬಂದರೆ ಅದೇ ದಿನ. ನಮಸ್ಕಾರ.