ಜೆಟ್ ತಿರುಗದಿದ್ದರೆ ಮೊದಲು ಲೈನ್ ನೋಡಿ

ರೈತ ಬಾಂಧವರೇ, ನಮಸ್ಕಾರ.

ಬೇಸಿಗೆ ಶೇಂಗಾಕ್ಕೆ ಸ್ಪ್ರಿಂಕ್ಲರ್ ಪೈಪು ಹಾಸಿರುತ್ತೀರಿ. ಮೋಟಾರ್ ಹಾಕಿದ ಮೇಲೆ ಒಂದು ಜೆಟ್, ಅಂದರೆ ಸುತ್ತ ತಿರುಗಿ ನೀರು ಚಿಮ್ಮಿಸುವ ತಲೆ, ತಿರುಗದೆ ಒಂದೇ ಕಡೆ ನೀರು ಚೆಲ್ಲುತ್ತದೆ. ಇನ್ನೊಂದು ತಿರುಗಿದರೂ ನೀರು ದೂರ ಹೋಗುವುದಿಲ್ಲ. ಆಗ ಕೈಗೆ ಸಿಕ್ಕ ತಂತಿ ಹಿಡಿದು ನಾಜಲ್ (ನೀರು ಹೊರಬರುವ ಮೂತಿ) ಚುಚ್ಚಲು ಹೋಗಬೇಡಿ. ಮೊದಲು ಲೈನ್ ಉದ್ದಕ್ಕೂ ಒಮ್ಮೆ ನಡೆದು ಬನ್ನಿ. ಒಂದೇ ಜೆಟ್ ಕೆಟ್ಟಿದ್ದರೆ ದೋಷ ಆ ಜೆಟ್‌ನಲ್ಲಿದೆ. ಒಂದು ಜಾಗದಿಂದ ಮುಂದಿನವೆಲ್ಲ ಸೊರಗಿದ್ದರೆ ಅಲ್ಲಿ ಪೈಪು ಸೋರುತ್ತಿದೆ, ಇಲ್ಲವೇ ಒಳಗೆ ಕಸ ಕಟ್ಟಿದೆ. ಮೊದಲಿನಿಂದ ಕೊನೆಯವರೆಗೆ ಎಲ್ಲವೂ ಸೊರಗಿದ್ದರೆ ಫಿಲ್ಟರ್ ಬಿಚ್ಚಿ ತೊಳೆಯಿರಿ. ಆಮೇಲೂ ಸರಿಹೋಗದಿದ್ದರೆ ಜೆಟ್‌ಗಳ ಲೆಕ್ಕಕ್ಕೆ ನೀರು ಸಾಲುತ್ತಿಲ್ಲ ಎಂದೇ ತಿಳಿಯಿರಿ.

ಹೆಚ್ಚಿನ ಹೊಲಗಳಲ್ಲಿ ಆಗುವುದು ಈ ಮೂರನೆಯದೇ. ನಾಲ್ಕೂವರೆ ಮಿಲಿಮೀಟರ್ ಮತ್ತು ಮೂರು ಮಿಲಿಮೀಟರ್ ಆಸುಪಾಸಿನ ಎರಡು ನಾಜಲ್ ಇರುವ ಜೆಟ್‌ಗೆ ಎರಡೂವರೆ ಕೆ.ಜಿ. (ಚದರ ಸೆಂಟಿಮೀಟರ್‌ಗೆ) ಒತ್ತಡದಲ್ಲಿ ನಿಮಿಷಕ್ಕೆ ಸುಮಾರು 30 ಲೀಟರ್ ನೀರು ಬೇಕು. ಎಂಟು ಜೆಟ್ ಇಟ್ಟರೆ 240 ಲೀಟರ್. ಬೋರು ಕೊರೆಸಿದ ವರ್ಷ ಅಷ್ಟು ನೀರು ಇದ್ದಿರಬಹುದು. ಈಗ ಎಷ್ಟಿದೆ ಎಂದು ಅಳೆಯಿರಿ. 200 ಲೀಟರ್ ಡ್ರಮ್ಮನ್ನು ಪೈಪಿನ ಬಾಯಿಗೆ ಹಿಡಿಯಿರಿ, ತುಂಬಲು ಎಷ್ಟು ಸೆಕೆಂಡು ಬೇಕೆಂದು ನೋಡಿ. ಸರಿಯಾಗಿ ಒಂದು ನಿಮಿಷಕ್ಕೆ ತುಂಬಿತು ಎನ್ನಿ. 200ನ್ನು 30ರಿಂದ ಭಾಗಿಸಿ ಆರು ಜೆಟ್ ಹಾಕಬಹುದು ಅನ್ನಿಸುತ್ತದೆ. ಆದರೆ ಬಾಯಿ ತೆರೆದ ಪೈಪಿನಲ್ಲಿ ಬಂದಷ್ಟು ನೀರು ಜೆಟ್‌ನ ಒತ್ತಡ ಎದುರಾದಾಗ ಬರುವುದಿಲ್ಲ. ಎರಡೂವರೆ ಕೆ.ಜಿ. ಒತ್ತಡವೆಂದರೆ ಪಂಪು ನೀರನ್ನು ಇನ್ನೂ 25 ಮೀಟರ್ ಮೇಲಕ್ಕೆ ಎತ್ತಿದಂತೆ. ಹಾಗಾಗಿ ನಾಲ್ಕೈದು ಜೆಟ್‌ನಿಂದ ಶುರುಮಾಡಿ. ಲೈನಿಗೆ ಒಂದು ಪ್ರೆಷರ್ ಗೇಜ್ ಕೂರಿಸಿ. ಮುಳ್ಳು ಎರಡೂವರೆಯ ಹತ್ತಿರ ನಿಂತರೆ ಮಾತ್ರ ಇನ್ನೊಂದು ಜೆಟ್ ಸೇರಿಸಿ.

ಗೇಜ್ ಇಲ್ಲದವರು ನೀರಿನ ಬೀಳುವಿಕೆಯನ್ನೇ ನೋಡಬೇಕು. ಒತ್ತಡ ಸಾಲದಿದ್ದರೆ ನೀರು ಒಡೆಯದೆ ದಪ್ಪ ಹನಿಯಾಗಿ ದೂರದಲ್ಲಿ ಬಳೆಯಂತೆ ಸುತ್ತ ಬೀಳುತ್ತದೆ, ನಡುವೆ ನೆಲ ಸರಿಯಾಗಿ ನೆನೆಯುವುದಿಲ್ಲ. ಆ ದಪ್ಪ ಹನಿ ಬಿದ್ದಲ್ಲಿ ಕೆಂಪು ಮಣ್ಣು ಹೆಪ್ಪುಗಟ್ಟಿ ಗಟ್ಟಿಯಾಗುತ್ತದೆ. ಒತ್ತಡ ಹೆಚ್ಚಾದರೆ ನೀರು ಮಂಜಿನಂತಾಗಿ ಗಾಳಿಗೆ ಹಾರಿಹೋಗುತ್ತದೆ. ಆಗ ಗೇಟ್ ವಾಲ್ವ್ ಸ್ವಲ್ಪ ಮುಚ್ಚಿ.

ಮೊದಲ ಜೆಟ್‌ಗೂ ಕೊನೆಯ ಜೆಟ್‌ಗೂ ಎಷ್ಟು ವ್ಯತ್ಯಾಸವಿದೆ ಎಂದು ಹದಿನೈದು ಲೀಟರ್ ಬಕೆಟ್ಟೇ ಹೇಳುತ್ತದೆ. ಅಳೆಯುವ ಜೆಟ್‌ನ ಎರಡೂ ನಾಜಲ್‌ಗೆ ಒಂದೊಂದು ತುಂಡು ಹೋಸ್ ಪೈಪನ್ನು ಸಡಿಲವಾಗಿ ತೊಡಿಸಿ, ನೀರನ್ನು ಬಕೆಟ್ಟಿಗೆ ಬಿಡಿ. ಮೊದಲನೆಯದು 30 ಸೆಕೆಂಡಿಗೆ ತುಂಬಿದರೆ ಕೊನೆಯದು 33 ಸೆಕೆಂಡಿನೊಳಗೆ ತುಂಬಬೇಕು. ಅದಕ್ಕಿಂತ ತಡವಾದರೆ ಲೈನ್ ಉದ್ದವಾಗಿದೆ ಅಥವಾ ನಡುವೆ ಸೋರುತ್ತಿದೆ.

ಇನ್ನು ಒಂದೇ ಜೆಟ್ ನಿಂತಿದ್ದರೆ ಮೋಟಾರ್ ಆರಿಸಿ ನಾಜಲ್ ಬಿಚ್ಚಿ. ಕಸವನ್ನು ಕಡ್ಡಿಯಿಂದ ಹಿಂದಕ್ಕೆ ತಳ್ಳಿ, ನೀರಲ್ಲಿ ತೊಳೆಯಿರಿ. ತಂತಿ, ಮೊಳೆ ಹಾಕಿದರೆ ಹಿತ್ತಾಳೆ ತೂತು ಗೀರುಬಿದ್ದು ದೊಡ್ಡದಾಗುತ್ತದೆ, ನೀರಿನ ಧಾರೆ ಚದುರುತ್ತದೆ. ಬೋರಿನ ಮರಳಿನಿಂದಲೂ ತೂತು ಸವೆಯುತ್ತದೆ. ನಾಜಲ್ ಅಳತೆಯದೇ ಡ್ರಿಲ್ ಬಿಟ್‌ನ ನುಣುಪಾದ ಹಿಂಭಾಗವನ್ನು ತೂತಿಗೆ ಹಾಕಿ ನೋಡಿ. ಅದು ಒಳಗೆ ಅಲ್ಲಾಡಿದರೆ ನಾಜಲ್ ಬದಲಿಸಿ. ಒಂದನ್ನೇ ಬದಲಿಸಿದರೆ ಸಾಲಿನಲ್ಲಿ ನೀರು ಏರುಪೇರಾಗುತ್ತದೆ, ಸಾಲಿಗೆ ಸಾಲೇ ಒಂದೇ ಅಳತೆಯದಿರಲಿ.

ನಾಜಲ್ ಚೊಕ್ಕಟವಿದ್ದೂ ತಿರುಗದಿದ್ದರೆ ಬಡಿಯುವ ತೋಳನ್ನು ಬೆರಳಿನಿಂದ ಎಳೆದು ಬಿಡಿ. ಅದು ಚಟ್ಟನೆ ವಾಪಸ್ ಬಂದು ಬಡಿಯಬೇಕು. ಸೋಮಾರಿಯಂತೆ ಬಂದರೆ ಸ್ಪ್ರಿಂಗ್ ಸಡಿಲಾಗಿದೆ, ಬಿಗಿ ಮಾಡಿ. ಬುಡದ ವಾಷರ್ ಸವೆದಿದ್ದರೆ ಅಲ್ಲಿಂದಲೇ ನೀರು ಚಿಮ್ಮುತ್ತದೆ. ಇಲ್ಲಿಗೆ ಎಣ್ಣೆ, ಗ್ರೀಸ್ ಮಾತ್ರ ಹಾಕಲೇಬೇಡಿ. ಜೆಟ್ ನುಣುಪಾಗಿ ತಿರುಗಲು ನೀರೇ ಸಾಕು. ಗ್ರೀಸ್‌ಗೆ ಮಣ್ಣು ಅಂಟಿ ಅದೇ ಮರಳು ಕಾಗದದಂತೆ ಉಜ್ಜುತ್ತದೆ. ಜೆಟ್ ಹೊತ್ತು ನಿಲ್ಲುವ ಪೈಪು (ರೈಸರ್) ವಾಲಿದ್ದರೂ ಒಂದು ಕಡೆ ನೀರು ಹತ್ತಿರ ಬೀಳುತ್ತದೆ, ನೆಟ್ಟಗೆ ನಿಲ್ಲಿಸಿ.

ಪೈಪಿನ ಜೋಡಣೆಯಲ್ಲಿ ಮೋಟಾರ್ ಹಾಕಿದ ಕೂಡಲೇ ನೀರು ಸೋರಿದರೆ ಗಾಬರಿ ಬೇಡ. ಒಳಗಿನ ರಬ್ಬರ್ ರಿಂಗು ಒತ್ತಡ ಬಂದ ಮೇಲೆಯೇ ಅಗಲಿಸಿ ಬಿಗಿಯಾಗುವುದು. ಒತ್ತಡ ಬಂದ ಮೇಲೂ ಸೋರಿದರೆ ಪೈಪು ಕಳಚಿ ರಿಂಗು ತೆಗೆಯಿರಿ. ಅದು ಕೂರುವ ತೋಡಿನಲ್ಲಿ ಮರಳು ಕೂತಿರುತ್ತದೆ, ಇಲ್ಲವೇ ರಿಂಗು ತಿರುವುಮುರುವಾಗಿರುತ್ತದೆ. ರಿಂಗಿನ ತೆರೆದ ಬಾಯಿ ನೀರಿನ ಕಡೆಗಿರಬೇಕು. ಪೈಪು ಸಲೀಸಾಗಿ ಕೂರಲು ಸೋಪಿನ ನೀರು ಸವರಿ.

ಸಾಲಿನ ಅಂತರ ಕುರಿತು ಒಂದು ಮಾತು. ಆರು ಮೀಟರ್ ಪೈಪಾದರೆ ಎರಡು ಪೈಪಿಗೆ ಒಂದು ಜೆಟ್, ಸಾಲಿಂದ ಸಾಲಿಗೂ 12 ಮೀಟರ್. ಒಂದು ಜೆಟ್‌ನ ನೀರು ಪಕ್ಕದ ಜೆಟ್‌ನ ಬುಡ ಮುಟ್ಟಬೇಕು. ಈ ಅಂತರದಲ್ಲಿ ಗಂಟೆಗೆ ಸುಮಾರು 12 ಮಿಲಿಮೀಟರ್ ನೀರು ಬೀಳುತ್ತದೆ. ಒಂದೇ ಅಳತೆಯ ನೆಟ್ಟಗಿನ ಡಬ್ಬಿಗಳನ್ನು ಮೂರು ಮೀಟರ್‌ಗೆ ಒಂದರಂತೆ ಇಟ್ಟು, ಒಂದು ಗಂಟೆ ನಂತರ ಸ್ಕೇಲ್ ಅದ್ದಿ ನೋಡಿ. ಮಧ್ಯಾಹ್ನದ ಗಾಳಿಯಲ್ಲಿ ಈ ಲೆಕ್ಕ ನಿಲ್ಲುವುದಿಲ್ಲ, ನಸುಕಿನಲ್ಲೋ ರಾತ್ರಿಯೋ ಬಿಡಿ.

ಬೆಳೆ ಮುಗಿದ ಮೇಲೆ ಕೊನೆಯ ಎಂಡ್ ಕ್ಯಾಪ್ ತೆಗೆದು ತಿಳಿನೀರು ಬರುವವರೆಗೆ ಪೈಪು ತೊಳೆಯಿರಿ. ರಬ್ಬರ್ ರಿಂಗುಗಳನ್ನೆಲ್ಲ ಬಿಚ್ಚಿ ಒಣಗಿಸಿ, ಮುಚ್ಚಳವಿರುವ ಡಬ್ಬದಲ್ಲಿ ಬಿಸಿಲು, ಇಲಿ ತಾಗದ ಕಡೆ ಇಡಿ. ಪೈಪುಗಳನ್ನು ನೆರಳಲ್ಲಿ ಜೋಡಿಸಿ. ನಮಸ್ಕಾರ.